ವಾಚ್ ಹಳೇದು, ಬಕಲ್ ಯಾವ ಕಾಲದ್ದು?

ಇವತ್ತಿನ ವಿಷಯ ತುಂಬಾ ಚಿಕ್ಕದು, ನಿಮ್ಮ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಹಳೇ ಕೈಗಡಿಯಾರದ ಬೆಲ್ಟಿಗೆ ಇರುತ್ತಲ್ಲ, ಆ ಬಕಲ್.

ಬಕಲ್‌ಗೂ ಒಂದು ಇತಿಹಾಸನಾ ಅಂತ ನಗಬೇಡಿ. ಹಳೇ ವಾಚ್ ಮಾರೋ ಯಾವ ಆ್ಯಪ್ ಬೇಕಾದ್ರೂ ತೆಗೆದು ನೋಡಿ. ‘ಮೊದಲ ಮಹಾಯುದ್ಧದ ವಾಚ್, ಒರಿಜಿನಲ್ ಬಕಲ್ ಸಮೇತ’ ಅನ್ನೋ ತರಹದ ಜಾಹೀರಾತು ಸಿಗುತ್ತೆ. ‘ಒರಿಜಿನಲ್ ಬಕಲ್’ ಅನ್ನೋ ಎರಡೇ ಪದಕ್ಕೆ ರೇಟು ಏರುತ್ತೆ. ದೊಡ್ಡ ಕಂಪನಿಗಳ ಗುರುತಿರೋ ಹಳೇ ಬಕಲ್‌ಗಳನ್ನು ವಾಚ್ ಇಲ್ಲದೆ ಬಿಡಿಯಾಗಿಯೂ ಮಾರ್ತಾರೆ. ಬಿಡಿಯಾಗಿ ಸಿಗುತ್ತೆ ಅಂದ್ಮೇಲೆ, ಬೆಳಗ್ಗೆ ಕೊಂಡದ್ದನ್ನು ಸಂಜೆಯೊಳಗೆ ಯಾವ ವಾಚಿಗೆ ಬೇಕಾದ್ರೂ ಕೂರಿಸಬಹುದು. ಐದು ನಿಮಿಷದ ಕೆಲಸ.

ಅದಕ್ಕೇ ನಾನು ಹಳೇ ವಾಚ್ ಕೈಗೆ ಬಂದ್ರೆ ಬಕಲ್ ಹಿಡ್ಕೊಂಡು ಮೂರು ಪ್ರಶ್ನೆ ಕೇಳ್ತೀನಿ. ಒಂದು, ಈ ಬಕಲ್ ಯಾವಾಗ ತಯಾರಾಯ್ತು? ಎರಡು, ಇದು ಈ ಬೆಲ್ಟಿನಲ್ಲೇ ಇತ್ತಾ? ಮೂರು, ಈ ಬೆಲ್ಟು ಈ ವಾಚಿನಲ್ಲೇ ಇತ್ತಾ? ಮೋಸ ಹೋಗೋರಲ್ಲಿ ಬಹಳ ಜನ ಮೊದಲನೇ ಪ್ರಶ್ನೆಗೆ ಉತ್ತರ ಸಿಕ್ಕ ಕೂಡಲೇ ಮೂರಕ್ಕೂ ಸಿಕ್ಕಿತು ಅಂದ್ಕೊಂಡು ದುಡ್ಡು ಕೊಟ್ಟುಬಿಡ್ತಾರೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಹತ್ತೊಂಬತ್ತನೇ ಶತಮಾನದ ಕೊನೆಯವರೆಗೂ ಯುರೋಪಿನ ಗಂಡಸರು ಗಡಿಯಾರ ಇಟ್ಕೊಳ್ತಿದ್ದದ್ದು ಜೇಬಿನಲ್ಲಿ, ಸರಪಳಿಗೆ ಕಟ್ಟಿ. ಕೈಗೆ ಕಟ್ಟೋದು ಹೆಂಗಸರ ಒಡವೆ ಅನ್ನೋ ಭಾವನೆ ಇತ್ತು. ಅದನ್ನು ಬದಲಾಯಿಸಿದ್ದು ಯುದ್ಧ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ನಡೆದ ಬೋಯರ್ ಯುದ್ಧದ ಹೊತ್ತಿಗೆ ಬ್ರಿಟಿಷ್ ಸೈನಿಕರು ಜೇಬಿನ ಗಡಿಯಾರವನ್ನೇ ಬಟ್ಟಲಿನಂಥ ಒಂದು ಚರ್ಮದ ಗೂಡಿನಲ್ಲಿ ಕೂರಿಸಿ ಮಣಿಕಟ್ಟಿಗೆ ಕಟ್ಟಿಕೊಳ್ತಿದ್ದರು. ಕುದುರೆ ಮೇಲೆ ಕೂತು, ಕೈಯಲ್ಲಿ ಬಂದೂಕು ಹಿಡಿದವನು ಕೋಟಿನೊಳಗೆ ಕೈ ಹಾಕಿ ಗಡಿಯಾರ ಹುಡುಕೋಕೆ ಆಗುತ್ತಾ?

ಇಲ್ಲೊಂದು ವಿಷಯ ಗಮನಿಸಿ. ಆ ಚರ್ಮದ ಗೂಡನ್ನು ಮಾಡ್ತಿದ್ದೋರು ಗಡಿಯಾರದ ಕಂಪನಿಯವರಲ್ಲ, ಚರ್ಮದ ಸಾಮಾನು ಮಾಡೋರು. ಬಕಲ್ ಬರ್ತಿದ್ದದ್ದೂ ಅದೇ ಕಸುಬಿನ ಕಡೆಯಿಂದ. ಗಡಿಯಾರ ಒಬ್ಬರದ್ದು, ಬೆಲ್ಟು ಬಕಲ್ ಇನ್ನೊಬ್ಬರದ್ದು. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯ್ತು. ಫಿರಂಗಿ ದಾಳಿ ನಿಂತ ಕ್ಷಣಕ್ಕೆ ಸರಿಯಾಗಿ ಕಂದಕದಿಂದ ಮೇಲೆದ್ದು ನುಗ್ಗಬೇಕು. ಎರಡು ನಿಮಿಷ ಮೊದಲೇ ಹೋದ್ರೆ ನಮ್ಮ ಗುಂಡಿಗೇ ನಾವು ಬಲಿ. ಎರಡು ನಿಮಿಷ ತಡವಾದ್ರೆ ಶತ್ರು ಮೆಷಿನ್ ಗನ್ ಹಿಡಿದು ಕಾಯ್ತಾ ಇರ್ತಾನೆ. 1916ರ ಜುಲೈ 1ರಂದು ಸೋಮ್ ಕದನದಲ್ಲಿ ಬ್ರಿಟಿಷ್ ಪಡೆಗಳು ಮುನ್ನುಗ್ಗಿದ್ದು ಬೆಳಗ್ಗೆ 7.30ಕ್ಕೆ. ಅಧಿಕಾರಿಗಳು ಗಡಿಯಾರ ನೋಡಿಕೊಂಡು ಸೀಟಿ ಊದಿದ್ರು. ಅಂಥ ದಿನಗಳಲ್ಲಿ ಕೈಗಡಿಯಾರ ಅನ್ನೋದು ಶೋಕಿ ಆಗಿ ಉಳಿಯಲಿಲ್ಲ.

ಆ ಕಾಲದ ವಾಚಿಗೆ ಇವತ್ತಿನ ಹಾಗೆ ಸ್ಪ್ರಿಂಗ್ ಇರೋ ಪಿನ್ನಿನಿಂದ ಬೆಲ್ಟ್ ಕಟ್ಟೋ ಪದ್ಧತಿ ಇನ್ನೂ ಬಂದಿರಲಿಲ್ಲ. ಹೆಚ್ಚಿನವಕ್ಕೆ ಕೇಸಿನ ಎರಡೂ ಬದಿಗೆ ತಂತಿಯ ಕೊಂಡಿ ಬೆಸೆದಿರ್ತಿತ್ತು. ಅದರೊಳಗೆ ಚರ್ಮದ ಪಟ್ಟಿ ತೂರಿಸಬೇಕು, ಇಲ್ಲಾ ಹೊಲಿಯಬೇಕು. ಒಳಗಿನ ಯಂತ್ರ ಬಹುತೇಕ ಸ್ವಿಟ್ಜರ್ಲೆಂಡಿನದ್ದು. ಬೆಲ್ಟು ಮಾತ್ರ ಸಾಮಾನ್ಯವಾಗಿ ಬ್ರಿಟನ್ನಿನದ್ದು, ಅಲ್ಲಿನ ಅಂಗಡಿಯವರು ಹಾಕಿ ಮಾರಿದ್ದು.

ಈಗ ಮೊದಲ ಪ್ರಶ್ನೆಗೆ ಬರೋಣ. ಬಕಲ್ ಬೆಳ್ಳಿಯದ್ದಾಗಿದ್ರೆ ನಮ್ಮ ಅದೃಷ್ಟ, ಯಾಕಂದ್ರೆ ಬ್ರಿಟಿಷ್ ಬೆಳ್ಳಿ ತನ್ನ ಜಾತಕವನ್ನು ಮೈಮೇಲೇ ಬರ್ಕೊಂಡಿರುತ್ತೆ. ನಮ್ಮಲ್ಲಿ ಚಿನ್ನದ ಒಡವೆ ಮೇಲೆ ಬಿಐಎಸ್ ಮುದ್ರೆ ಇರುತ್ತಲ್ಲ. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇಲ್ಲದೆ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯಲ್ಲಿ ಮಾರೋ ಹಾಗಿಲ್ಲ. ಅದೇ ಸಾಲಿನ, ಆದರೆ ನೂರಾರು ವರ್ಷ ಹಳೇ ಪದ್ಧತಿ ಬ್ರಿಟನ್ನಿನದು. ಅಲ್ಲಿ ಸುಳ್ಳು ಮುದ್ರೆ ಒತ್ತಿದವನಿಗೆ ಹದಿನೆಂಟನೇ ಶತಮಾನದಲ್ಲಿ ಒಂದಷ್ಟು ವರ್ಷ ಮರಣದಂಡನೆಯೇ ಇತ್ತು. ಅಷ್ಟು ಗಂಭೀರ.

ಬಕಲ್ ಹಿಂಭಾಗವನ್ನು ಭೂತಗನ್ನಡಿಯಲ್ಲಿ ನೋಡಿದ್ರೆ ಸಾಮಾನ್ಯವಾಗಿ ನಾಲ್ಕು ಗುರುತು ಕಾಣುತ್ತೆ. ಮೊದಲನೆಯದು, ಪರೀಕ್ಷೆಗೆ ಕಳಿಸಿದ ತಯಾರಕನ ಅಥವಾ ವ್ಯಾಪಾರಿಯ ಹೆಸರಿನ ಮೊದಲಕ್ಷರಗಳು. ಎರಡನೆಯದು, ನಡೆಯುತ್ತಿರೋ ಒಂದು ಸಿಂಹ. ಇದು ನೂರಕ್ಕೆ 92.5 ಪಾಲು ಬೆಳ್ಳಿ ಅನ್ನೋದಕ್ಕೆ. ಮೂರನೆಯದು, ಪರೀಕ್ಷೆ ಮಾಡಿದ ಊರಿನ ಗುರುತು. ಲಂಡನ್ನಿಗೆ ಚಿರತೆಯ ತಲೆ, ಬರ್ಮಿಂಗ್‌ಹ್ಯಾಮಿಗೆ ಲಂಗರು, ಚೆಸ್ಟರಿಗೆ ಮೂರು ಗೋಧಿ ಸಿವುಡು ಮತ್ತು ಒಂದು ಖಡ್ಗ. ಬರ್ಮಿಂಗ್‌ಹ್ಯಾಮ್ ಅಂತೂ ಗುಂಡಿ, ಬಕಲ್‌ನಂಥ ಸಣ್ಣ ಲೋಹದ ಸಾಮಾನಿಗೇ ಹೆಸರಾದ ಊರು. ಅಲ್ಲಿನ ಪರೀಕ್ಷಾ ಕಚೇರಿ ಶುರುವಾಗಿದ್ದು 1773ರಲ್ಲಿ. ಚೆಸ್ಟರ್ ಕಚೇರಿ 1962ರಲ್ಲಿ ಮುಚ್ಚಿತು. ಅಂದ್ರೆ ಚೆಸ್ಟರ್ ಮುದ್ರೆ ನಿಜವಾಗಿದ್ರೆ ಆ ಬಕಲ್ ಅದಕ್ಕಿಂತ ಈಚಿನದಾಗೋಕೆ ಸಾಧ್ಯವಿಲ್ಲ.

ನಾಲ್ಕನೆಯದು ವರ್ಷದ ಅಕ್ಷರ. ಪ್ರತಿ ವರ್ಷಕ್ಕೆ ಒಂದು ಇಂಗ್ಲಿಷ್ ಅಕ್ಷರ. ಅಕ್ಷರ ಮುಗಿದ್ಮೇಲೆ ಬರವಣಿಗೆಯ ಶೈಲಿ ಮತ್ತು ಅದರ ಸುತ್ತಲಿನ ಚೌಕಟ್ಟಿನ ಆಕಾರ ಬದಲಾಯಿಸಿ ಮತ್ತೆ ಮೊದಲಿನಿಂದ. ಹಾಗಾಗಿ ಬರೀ ಅಕ್ಷರ ಓದಿದ್ರೆ ಸಾಲದು, ಅಕ್ಷರದ ರೂಪ, ಚೌಕಟ್ಟು, ಊರು ಮೂರನ್ನೂ ಸೇರಿಸಿ ಓದಬೇಕು. ಇನ್ನೊಂದು, ಆಗ ಹೊಸ ಅಕ್ಷರ ಜನವರಿ 1ಕ್ಕೆ ಬರ್ತಿರಲಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಜುಲೈಗೆ, ಲಂಡನ್ನಿನಲ್ಲಿ ಮೇ ತಿಂಗಳಿಗೆ ಬದಲಾಗ್ತಿತ್ತು. ಒಂದು ಅಕ್ಷರ ಅಂದ್ರೆ 1915-16 ಅನ್ನೋ ಹಾಗೆ ಎರಡು ವರ್ಷಕ್ಕೆ ಚಾಚಿಕೊಂಡಿರುತ್ತೆ. ‘ಪಕ್ಕಾ 1915’ ಅಂತ ಯಾರಾದ್ರೂ ಬರೀ ಅಕ್ಷರ ತೋರಿಸಿ ಹೇಳಿದ್ರೆ, ಅವರಿಗೆ ಈ ಲೆಕ್ಕ ಗೊತ್ತಿಲ್ಲ ಅಂತ ಅರ್ಥ.

ಈಗ ನನಗೆ ತುಂಬಾ ಇಷ್ಟವಾದ ಭಾಗ. 1907ರ ಜೂನ್ 1ರಿಂದ ಬ್ರಿಟನ್ನಿಗೆ ಹೊರದೇಶದಿಂದ ಬರೋ ಚಿನ್ನ-ಬೆಳ್ಳಿಯ ವಾಚ್ ಕೇಸುಗಳನ್ನೂ ಅಲ್ಲೇ ಪರೀಕ್ಷಿಸಿ ಮುದ್ರೆ ಒತ್ತೋ ನಿಯಮ ಬಂತು. ಆದರೆ ಹೊರಗಿನ ಮಾಲಿಗೆ ಸಿಂಹದ ಗುರುತು ಕೊಡ್ತಿರಲಿಲ್ಲ. ಅದಕ್ಕೆ ಬೇರೆಯೇ ಗುರುತು. ಬೆಳ್ಳಿಯಾದ್ರೆ .925 ಅನ್ನೋ ಅಂಕಿ, ಜೊತೆಗೆ ಬರ್ಮಿಂಗ್‌ಹ್ಯಾಮಿನದಾದ್ರೆ ಲಂಗರಿನ ಬದಲು ತ್ರಿಕೋನ, ಲಂಡನ್ನಿನದಾದ್ರೆ ಚಿರತೆಯ ಬದಲು ಸಿಂಹರಾಶಿಯ ಚಿಹ್ನೆ. ಈ ರಾಶಿ ಚಿಹ್ನೆ ನೋಡೋಕೆ ಗ್ರೀಕ್ ಅಕ್ಷರ ಒಮೆಗಾ ತರಹವೇ ಇರೋದ್ರಿಂದ ಅದನ್ನು ಒಮೆಗಾ ಕಂಪನಿಯ ಗುರುತು ಅಂದ್ಕೊಳ್ಳೋದು ಬಹಳ ಸುಲಭ.

ಇದರ ಪರಿಣಾಮ ಏನು ಗೊತ್ತಾ? ಆ ಕಾಲದ ಒಂದು ಸಾಚಾ ವಾಚಿನಲ್ಲಿ ಕೇಸಿನ ಮುದ್ರೆಯೂ ಬಕಲ್‌ನ ಮುದ್ರೆಯೂ ಬೇರೆ ಬೇರೆ ಇರಬಹುದು. ಕೇಸು ಸ್ವಿಸ್, ಆದ್ದರಿಂದ ತ್ರಿಕೋನ ಮತ್ತು .925. ಬಕಲ್ ಬ್ರಿಟಿಷ್, ಆದ್ದರಿಂದ ಲಂಗರು ಮತ್ತು ಸಿಂಹ. ಹೊಸಬರು ಇದನ್ನು ನೋಡಿ ‘ಮ್ಯಾಚ್ ಆಗ್ತಿಲ್ಲ, ಡೂಪ್ಲಿಕೇಟ್’ ಅಂತಾರೆ. ಮ್ಯಾಚ್ ಆಗದೇ ಇರೋದೇ ಅಲ್ಲಿ ಸರಿಯಾದ ಲೆಕ್ಕ. ಗಡಿಯಾರ ಒಬ್ಬರದ್ದು, ಬಕಲ್ ಇನ್ನೊಬ್ಬರದ್ದು ಅಂತ ಆಗಲೇ ಹೇಳಿದ್ನಲ್ಲ. ಇದರ ಇನ್ನೊಂದು ಮುಖವೂ ಇದೆ. ಆಗ ಬ್ರಿಟಿಷ್ ಅಂಗಡಿಯವರು ಡಯಲ್ ಮೇಲೆ ತಮ್ಮ ಅಂಗಡಿ ಹೆಸರು ಹಾಕಿಸ್ತಿದ್ರು, ಇಲ್ಲಾ ಖಾಲಿ ಬಿಡಿಸ್ತಿದ್ರು. ಅಂಥ ಕಾಲದ ವಾಚಿನ ಬಕಲ್ ಮೇಲೆ ಇವತ್ತಿನ ಜಾಹೀರಾತಿನಲ್ಲಿ ಕಾಣೋ ಅದೇ ಲೋಗೋ ಥಳಥಳ ಹೊಳೀತಾ ಇದ್ರೆ, ನಾನು ಖುಷಿಪಡೋ ಮೊದಲು ಅನುಮಾನ ಪಡ್ತೀನಿ.

ಎಲ್ಲ ಬಕಲ್ಲೂ ಬೆಳ್ಳಿಯದ್ದಲ್ಲ, ಒಪ್ತೀನಿ. ಮುದ್ರೆ ಇಲ್ಲದಿದ್ರೆ ಲೋಹವೇ ಮಾತಾಡುತ್ತೆ. ‘ನಿಕಲ್ ಸಿಲ್ವರ್’ ಅನ್ನೋ ಹೆಸರು ಕೇಳಿ ಮೋಸ ಹೋಗಬೇಡಿ. ಅದು ತಾಮ್ರ, ನಿಕಲ್, ಸತು ಸೇರಿದ ಮಿಶ್ರಣ, ಬೆಳ್ಳಿ ಒಂದು ಗುಲಗಂಜಿಯೂ ಇಲ್ಲ. ಆದರೆ ಹಳೇ ಬಕಲ್‌ಗಳಲ್ಲಿ ಅದು ಸಹಜ. ಕ್ರೋಮಿಯಂ ಲೇಪನ ವ್ಯಾಪಾರಕ್ಕೆ ಬಂದಿದ್ದು 1920ರ ದಶಕದಲ್ಲಿ. ತುಕ್ಕು ಹಿಡಿಯದ ಉಕ್ಕನ್ನು ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ತಯಾರಿಸಿದ್ದು 1913ರಲ್ಲಿ, ಆದರೆ ವಾಚುಗಳಲ್ಲಿ ಅದು ಮಾಮೂಲಾಗಿದ್ದು 1930ರ ದಶಕದಿಂದ. ಹಾಗಾದ್ರೆ 1915ರ ವಾಚಿನಲ್ಲಿ ಕ್ರೋಮಿಯಂ ಬಕಲ್ ಇದ್ರೆ? ಅದು ಕೂತಿದ್ದು ಆಮೇಲೆ. ಲೋಹಕ್ಕೆ ಸುಳ್ಳು ಹೇಳೋಕೆ ಬರಲ್ಲ.

ಸ್ವಿಸ್ ಚಿನ್ನದ ಬಕಲ್‌ಗೂ ಇಂಥದ್ದೇ ಒಂದು ಗಡಿ ಇದೆ. 1995ರವರೆಗೆ 18 ಕ್ಯಾರೆಟ್ ಚಿನ್ನಕ್ಕೆ ಅವರ ಮುದ್ರೆ ಹೆಲ್ವೇಷಿಯಾ ಅನ್ನೋ ಹೆಣ್ಣಿನ ತಲೆ, 14 ಕ್ಯಾರೆಟ್‌ಗೆ ಅಳಿಲು. 1995ರಿಂದ ಅದರ ಜಾಗಕ್ಕೆ ಸೇಂಟ್ ಬರ್ನಾರ್ಡ್ ನಾಯಿಯ ತಲೆ ಬಂತು. 1950ರ ದಶಕದ ವಾಚ್, ಹುಟ್ಟಿದಾಗಿನಿಂದ ಇದೇ ಬಕಲ್ ಅಂತ ಹೇಳ್ತಾರೆ, ಬಕಲ್ ತಿರುಗಿಸಿದ್ರೆ ನಾಯಿ ತಲೆ! ಮಾತು ಅಲ್ಲಿಗೆ ಮುಗೀತು.

ಬಟ್ಟೆಯ ಬೆಲ್ಟಿನ ಕಥೆ ಕೂಡ ಹೇಳಿಬಿಡ್ತೀನಿ, ಯಾಕಂದ್ರೆ ನಿಮ್ಮಲ್ಲಿ ಹಲವರ ಸ್ಮಾರ್ಟ್‌ವಾಚಿಗೂ ಇವತ್ತು ‘ನೇಟೋ ಸ್ಟ್ರಾಪ್’ ಇದೆ. ಈ ನೈಲಾನ್ ಬೆಲ್ಟಿನ ಮೂಲ ಬ್ರಿಟಿಷ್ ರಕ್ಷಣಾ ಇಲಾಖೆಯ ಒಂದು ಕಡತ, ಡಿಫೆನ್ಸ್ ಸ್ಟ್ಯಾಂಡರ್ಡ್ 66-15. ಅದರ ತಾರೀಖು 1973ರ ನವೆಂಬರ್ 30. ಬೆಲ್ಟಿನ ಬಣ್ಣ ಬೂದು. 1964ರ ‘ಗೋಲ್ಡ್‌ಫಿಂಗರ್’ ಸಿನಿಮಾದಲ್ಲಿ ಜೇಮ್ಸ್ ಬಾಂಡ್ ಆಗಿ ಶಾನ್ ಕಾನರಿ ಕಟ್ಟಿಕೊಂಡಿದ್ದ ಪಟ್ಟೆಪಟ್ಟೆ ನೈಲಾನ್ ಬೆಲ್ಟನ್ನು ಜನ ನೇಟೋ ಸ್ಟ್ರಾಪ್ ಅಂತಾರೆ. ಆದರೆ ಆ ನಿಯಮ ಹುಟ್ಟಿದ್ದೇ ಸಿನಿಮಾ ಬಂದು ಒಂಬತ್ತು ವರ್ಷ ಆದ್ಮೇಲೆ. ಇನ್ನು ಎರಡನೇ ಮಹಾಯುದ್ಧದ ನೇಟೋ ಬಕಲ್ ಅಂತ ಯಾರಾದ್ರೂ ಮಾರೋಕೆ ಬಂದ್ರೆ ನಕ್ಕುಬಿಡಿ. ನೇಟೋ ಹುಟ್ಟಿದ್ದು 1949ರಲ್ಲಿ, ಯುದ್ಧ ಮುಗಿದಿದ್ದು 1945ರಲ್ಲಿ.

ಸರಿ, ಮೊದಲ ಪ್ರಶ್ನೆ ಆಯ್ತು. ಎರಡನೆಯದು: ಈ ಬಕಲ್ ಈ ಬೆಲ್ಟಿನಲ್ಲೇ ಇತ್ತಾ? ಇದಕ್ಕೆ ಉತ್ತರ ಕೊಡೋದು ಸವೆತ. ಬೆಲ್ಟಿನ ತೂತಿಗೆ ಹೋಗೋ ಕಡ್ಡಿ ಇದೆಯಲ್ಲ, ಅದನ್ನು ಮುಳ್ಳು ಅನ್ನೋಣ. ವರ್ಷಗಟ್ಟಲೆ ಹಾಕಿ ತೆಗೆದು ಮಾಡಿದ್ರೆ ಮುಳ್ಳಿನ ತುದಿ ಕೂರೋ ಜಾಗದಲ್ಲಿ ಚೌಕಟ್ಟು ಸವೆದು ಸಣ್ಣ ಹಳ್ಳ ಬೀಳುತ್ತೆ. ಚರ್ಮದ ಮೇಲೂ ಬಕಲ್ ಚೌಕಟ್ಟಿನ ಅಚ್ಚು ಕೂರುತ್ತೆ. ಆ ಅಚ್ಚಿನ ಅಗಲಕ್ಕೂ ಈ ಬಕಲ್‌ನ ಅಗಲಕ್ಕೂ ಸರಿಹೋಗಬೇಕು. ಬಕಲ್ ಮುಖದ ತುಂಬ ಗೀರು, ಆದರೆ ಮುಳ್ಳು ಕೂರೋ ಜಾಗ ಮಾತ್ರ ಹೊಸದರಂತೆ ಚೂಪು ಅಂದ್ರೆ, ಆ ಗೀರುಗಳನ್ನು ಕಾಲ ಹಾಕಿದ್ದಾ, ಉಪ್ಪುಕಾಗದ ಹಾಕಿದ್ದಾ ಅಂತ ಕೇಳ್ಕೊಳ್ಳಿ.

ಮುದ್ರೆಯನ್ನೂ ಹೀಗೇ ನೋಡ್ಬೇಕು. ಉಕ್ಕಿನ ಅಚ್ಚಿನಿಂದ ಹೊಡೆದ ಮುದ್ರೆಯ ಅಂಚು ಖಚಿತವಾಗಿರುತ್ತೆ, ತಳ ಆಳವಾಗಿರುತ್ತೆ. ಅಸಲಿ ಬಕಲ್‌ನಿಂದ ಎರಕದ ಅಚ್ಚು ತೆಗೆದು ಮಾಡಿದ ನಕಲಿನಲ್ಲಿ ಮುದ್ರೆ ಕರಗಿದ ಬೆಲ್ಲದ ಹಾಗೆ ಮೆತ್ತಗೆ ಕಾಣುತ್ತೆ, ಅಲ್ಲಲ್ಲಿ ಸೂಜಿಮೊನೆಯಷ್ಟು ಗುಳ್ಳೆ ಇರುತ್ತೆ. ಎರಕದ ಲೋಹ ತಣ್ಣಗಾಗುವಾಗ ಕುಗ್ಗೋದ್ರಿಂದ ನಕಲು ಅಸಲಿಗಿಂತ ಕೂದಲೆಳೆಯಷ್ಟು ಚಿಕ್ಕದಿರುತ್ತೆ. ಇನ್ನೊಂದು ಸುಲಭದ ಪರೀಕ್ಷೆ ಇದೆ. ಬಕಲ್ ಎಷ್ಟು ಸವೆದಿದೆಯೋ ಅದರ ಮುದ್ರೆಯೂ ಆ ಜಾಗದಲ್ಲಿ ಅಷ್ಟೇ ಸವೆದಿರಬೇಕು. ಮೈಯೆಲ್ಲ ಮುದುಕ, ಹಲ್ಲು ಮಾತ್ರ ಹದಿನೆಂಟರದ್ದು ಅಂದ್ರೆ ಹಲ್ಲು ಕಟ್ಟಿಸಿದ್ದು ಅಂತ ತಾನೇ?

ಮೂರನೇ ಪ್ರಶ್ನೆ ಎಲ್ಲಕ್ಕಿಂತ ಕಷ್ಟ. ಈ ಬೆಲ್ಟು ಈ ವಾಚಿನಲ್ಲೇ ಇತ್ತಾ? ಚರ್ಮ ಬೆವರಿಗೆ ಕೊಳೆಯುತ್ತೆ. ಕಂದಕದ ಕೆಸರಿನಲ್ಲಿ ಇನ್ನೂ ಬೇಗ. ಯುದ್ಧ ಮುಗಿಯೋ ಮೊದಲೇ ಒಂದು ವಾಚು ಎರಡು ಮೂರು ಬೆಲ್ಟು ಕಂಡಿರಬಹುದು. ಕೇಸು 1914ರದ್ದು, ಬಕಲ್ 1917ರದ್ದು ಅಂದ್ರೆ ಅದು ಮೋಸ ಅಲ್ಲ, ಒಬ್ಬ ಮನುಷ್ಯ ಬದುಕಿದ್ದು, ಬೆಲ್ಟ್ ಬದಲಾಯಿಸಿದ್ದು ಅಷ್ಟೇ ಇರಬಹುದು. ಆದರೆ ಅದೇ ಜೋಡಿಯನ್ನು ಕಳೆದ ತಿಂಗಳು ಯಾರೋ ಕೂರಿಸಿರಲೂಬಹುದು. ಮುದ್ರೆ ಎರಡು ಸಂದರ್ಭದಲ್ಲೂ ಒಂದೇ. ಸವೆತವೂ ಹೆಚ್ಚುಕಡಿಮೆ ಒಂದೇ. ಇಲ್ಲಿ ಲೋಹದ ಸಾಕ್ಷಿ ಮುಗಿಯುತ್ತೆ. ಹಳೇ ಫೋಟೋ, ರಸೀದಿ, ಪತ್ರ, ಕೇಸಿನ ಹಿಂದೆ ಕೊರೆಸಿದ ಹೆಸರು, ಇಂಥದ್ದು ಮಾತ್ರ ಮುಂದಕ್ಕೆ ಕರ್ಕೊಂಡು ಹೋಗುತ್ತೆ.

ಒಂದು ಉದಾಹರಣೆ ಊಹಿಸ್ಕೊಳ್ಳಿ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಅಶ್ವದಳಗಳಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು. ನಾಳೆ ಯಾರಾದ್ರೂ ಒಂದು ಹಳೇ ಬೆಳ್ಳಿ ವಾಚ್ ತಂದು ‘ಇದು ಹೈಫಾದಿಂದ ಬಂದದ್ದು ಸಾರ್, ಬಕಲ್ ನೋಡಿ, 1917-18ರ ಮುದ್ರೆ’ ಅಂತಾರೆ ಅನ್ಕೊಳ್ಳಿ. ಮುದ್ರೆ ನಿಜ ಇರಬಹುದು. ಆದರೆ ಅದು ಹೇಳೋದು ಬರ್ಮಿಂಗ್‌ಹ್ಯಾಮಿನ ಒಂದು ಮೇಜಿನ ಮೇಲೆ ಆ ವರ್ಷ ಬೆಳ್ಳಿ ಪರೀಕ್ಷೆ ಆಯ್ತು ಅಂತ ಮಾತ್ರ. ಹೈಫಾ ಅನ್ನೋ ಮಾತು ಬಕಲ್ ಆಡಿದ್ದಲ್ಲ, ಮಾರೋನು ಆಡಿದ್ದು. ಆ ಕುದುರೆ ಸವಾರರಲ್ಲಿ ಒಬ್ಬನ ಹೆಸರನ್ನು ಆಧಾರವಿಲ್ಲದೆ ಒಂದು ವಾಚಿಗೆ ಅಂಟಿಸಿದ್ರೆ ಹೋಗೋದು ಕೊಂಡವನ ದುಡ್ಡು ಮಾತ್ರ ಅಲ್ಲ. ಮುಂದೆ ಇದನ್ನು ನಂಬಿ ಬರೆಯೋರಿಗೆ, ಓದೋರಿಗೆ ಎಲ್ಲರಿಗೂ ಇತಿಹಾಸ ಅಷ್ಟು ಕೆಡುತ್ತೆ.

ಅದಕ್ಕೇ ಪ್ರಾಮಾಣಿಕ ವ್ಯಾಪಾರಿಗಳು ಎರಡು ಪದ ಬೇರೆ ಬೇರೆ ಬಳಸ್ತಾರೆ. ‘ಆ ಕಾಲದ ಬಕಲ್’ ಅನ್ನೋದು ಒಂದು. ‘ಮೂಲ ಬಕಲ್’ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಮುದ್ರೆ ಸಾಕು, ಎರಡನೆಯದಕ್ಕೆ ದಾಖಲೆ ಬೇಕು. ಮಾರೋರನ್ನು ನೇರವಾಗಿ ಕೇಳಿ: ಯಾವುದು ಇದು? ಉತ್ತರ ತಡವರಿಸಿದ್ರೆ ಬೆಲೆಯೂ ಇಳೀಬೇಕು.

ಕೊನೆಯಲ್ಲಿ ನಮ್ಮ ಮನೆಗಳಿಗೆ ಬರೋಣ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚ್ ಮಾಡೋಕೆ ಶುರು ಮಾಡ್ತು. ಮದುವೆಗೆ, ಪಾಸಾದದ್ದಕ್ಕೆ, ನಿವೃತ್ತಿಗೆ, ಎಲ್ಲದಕ್ಕೂ ಅದೇ ಉಡುಗೊರೆ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋದಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಈಗ ಜನತಾ, ಪೈಲಟ್ ಮಾದರಿಗಳನ್ನು ಹುಡುಕಿ ಕೊಳ್ಳೋ ಹುಡುಗರಿದ್ದಾರೆ, ಹೊಸದಾಗಿ ಬಣ್ಣ ಹೊಡೆದ ಡಯಲ್ ಹಾಕಿ ‘ಒರಿಜಿನಲ್’ ಅಂತ ಮಾರೋರೂ ಇದ್ದಾರೆ. ಬಕಲ್ ಮೇಲೆ ಕಂಪನಿ ಅಕ್ಷರ ಇದ್ರೂ ಕೇಳಬೇಕಾದ್ದು ಅದೇ ಮೂರು ಪ್ರಶ್ನೆ. ಅಗ್ಗದ ಉಕ್ಕಿಗೆ, ಲೇಪನದ ಲೋಹಕ್ಕೆ ಹಾಲ್‌ಮಾರ್ಕ್ ಇರಲ್ಲ. ಹಾಗಾಗಿ ಸವೆತ ಮತ್ತು ಕಾಗದ, ಎರಡೇ ದಾರಿ.

ಮತ್ತೆ ನಮ್ಮಲ್ಲಿ ಬೆಲ್ಟ್ ಹರಿದ್ರೆ ಏನು ಮಾಡ್ತಿದ್ವಿ? ಮೂಲೆ ಅಂಗಡಿಗೆ ಹೋಗಿ ಹೊಸದು ಹಾಕಿಸೋದು, ಹಳೇದನ್ನು ಬಕಲ್ ಸಮೇತ ಅಲ್ಲೇ ಬಿಟ್ಟು ಬರೋದು. ಹಾಗಾಗಿ ತಾತನ ವಾಚ್ ಉಳಿದಿರೋ ಮನೆಯಲ್ಲೂ ತಾತನ ಬಕಲ್ ಉಳಿದಿರೋದು ಕಡಿಮೆ.

ನಿಮ್ಮ ಮನೇಲಿ ಉಳಿದಿದ್ರೆ ಮೂರು ಕೆಲಸ ಮಾಡಿ. ಒಂದು, ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜಬೇಡಿ. ಹೊಳಪು ಬರುತ್ತೆ, ಗುರುತು ಹೋಗುತ್ತೆ. ಎರಡು, ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಮುಂದೆ, ಹಿಂದೆ ಫೋನಿನಲ್ಲಿ ಫೋಟೋ ತೆಗೀರಿ. ಮೂರು, ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೂರಿಸಿಕೊಂಡು ಕೇಳಿ: ಇದು ಯಾರದು, ಯಾವಾಗ ಕೊಂಡಿದ್ದು, ಬೆಲ್ಟ್ ಯಾವಾಗಾದ್ರೂ ಬದಲಾಯಿಸಿದ್ರಾ? ಅವರ ಮಾತನ್ನು ರೆಕಾರ್ಡ್ ಮಾಡಿ, ತಾರೀಖು ಹಾಕಿಡಿ. ಮೂರನೇ ಪ್ರಶ್ನೆಗೆ ಉತ್ತರ ಕೊಡಬಲ್ಲ ಸಾಕ್ಷಿ ಅವರೇ. ಅವರು ಇರುವಾಗಲೇ ಕೇಳಬೇಕು.

ಇವತ್ತಿಗೆ ಇಷ್ಟು. ಸಂಚಿಕೆ ಇಷ್ಟ ಆಗಿದ್ರೆ ಹಳೇ ವಾಚ್ ಹುಚ್ಚಿರೋ ನಿಮ್ಮ ಗೆಳೆಯರಿಗೆ ಕಳಿಸಿ, ಅವರು ದುಡ್ಡು ಕೊಡೋ ಮೊದಲೇ ಕಳಿಸಿದ್ರೆ ಇನ್ನೂ ಒಳ್ಳೇದು.